ಪೆಟ್ಟಿಗೆಯಲ್ಲೇ ಉಳಿದ ಕಳ್ಳ

ಈ ಸಲದ ಪುಷ್ಯ ಮಳೆಗೆ ನಮ್ಮ ಕಡೆ ಮೂರು ದಿನ ಕರೆಂಟ್ ಇರಲಿಲ್ಲ. ಆಲ್ದೂರಿನಿಂದ ಈಚೆಗೆ ಎಲ್ಲೋ ಲೈನ್ ಮೇಲೆ ಸಿಲ್ವರ್ ಮರ ಬಿದ್ದಿತ್ತು. ಮಳೆಗಾಲ ನೋಡಬೇಕು ಅಂತ ಬೆಂಗಳೂರಿನಿಂದ ಬಂದಿದ್ದ ಚಿಕ್ಕಪ್ಪನ ಮಗಳು ಎರಡನೇ ದಿನಕ್ಕೇ ಬೇಜಾರಾಗಿ, ಕಾರಿನ ಡಿಕ್ಕಿಯಿಂದ ದೊಡ್ಡದೊಂದು ಪೆಟ್ಟಿಗೆ ಎತ್ತಿಕೊಂಡು ಬಂದಳು. ‘ಶಾಡೋಸ್ ಓವರ್ ಕ್ಯಾಮೆಲಾಟ್’ ಅನ್ನೋ ಬೋರ್ಡ್ ಗೇಮ್. ಊಟದ ಟೇಬಲ್ ಮೇಲೆ ಹರಡಿದಳು. ಎರಡು ಎಮರ್ಜೆನ್ಸಿ ಲ್ಯಾಂಪ್ ಇಟ್ಟೆವು. ನಾನು, ನಮ್ಮ ಯಜಮಾನರು, ತಮ್ಮ, ತಮ್ಮನ ಹೆಂಡತಿ, ಚಿಕ್ಕಪ್ಪ, ಚಿಕ್ಕಪ್ಪನ ಮಗಳು, ಒಟ್ಟು ಆರು ಜನ ಕೂತೆವು. ಚಿಕ್ಕಮ್ಮ ಹಲಸಿನ ಹಪ್ಪಳ ಕರಿದು ತಂದಿಟ್ಟು, ಈ ಗಲಾಟೆ ನನಗೆ ಬೇಡ ಅಂತ ಒಲೆ ಹತ್ತಿರ ಹೋಗಿ ಕೂತರು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ಒಬ್ಬರ ಮೇಲೊಬ್ಬರು ಗೆಲ್ಲೋದಲ್ಲ. ಎಲ್ಲರೂ ಆರ್ಥರ್ ರಾಜನ ದುಂಡು ಮೇಜಿನ ವೀರರು, ಎಲ್ಲರೂ ಒಂದೇ ಕಡೆ. ಆಟವೇ ನಮ್ಮ ಎದುರಾಳಿ. ಒಂದೊಂದು ಕೆಲಸ ಗೆದ್ದಾಗ ಮೇಜಿನ ಮೇಲೆ ಬಿಳಿ ಕತ್ತಿ ಬೀಳುತ್ತದೆ, ಸೋತಾಗ ಕಪ್ಪು ಕತ್ತಿ. ಹನ್ನೆರಡು ಕತ್ತಿ ಆಗುವ ಹೊತ್ತಿಗೆ ಬಿಳಿಯದ್ದು ಜಾಸ್ತಿ ಇದ್ದರೆ ನಾವು ಗೆದ್ದೆವು. ಅದಕ್ಕೂ ಮೊದಲೇ ಏಳು ಕಪ್ಪು ಕತ್ತಿ ಬಿದ್ದರೆ ಅಲ್ಲಿಗೆ ಮುಗೀತು. ಕೋಟೆಯ ಹೊರಗೆ ಕಲ್ಲೆಸೆಯುವ ಯಂತ್ರಗಳು ಹನ್ನೆರಡು ನಿಂತರೂ ಮುಗೀತು. ಇಷ್ಟೇ ಆಗಿದ್ದರೆ ಮಕ್ಕಳ ಆಟ. ಆದರೆ ಶುರುವಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಎಲೆಯನ್ನು, ಅಂದರೆ ಕಾರ್ಡನ್ನು, ಮುಚ್ಚಿ ಕೊಡುತ್ತಾರೆ. ಅದರಲ್ಲಿ ಒಂದರ ಮೇಲೆ ದ್ರೋಹಿ ಅಂತ ಇರುತ್ತದೆ. ಅದು ಬಂದವರು ನಮ್ಮ ಜೊತೆಗೇ ಕೂತು, ನಮ್ಮ ಹಾಗೇ ಮಾತಾಡುತ್ತಾ, ಒಳಗಿಂದ ಕೆಡಿಸಬೇಕು. ದ್ರೋಹಿ ಅನ್ನೋ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಹತ್ತಲಿಲ್ಲ. ಐದೇ ನಿಮಿಷಕ್ಕೆ ಅದು ‘ಕಳ್ಳ’ ಆಯಿತು.

ನನಗೆ ಬಂದದ್ದು ಒಳ್ಳೆಯ ಎಲೆ. ಒಳ್ಳೆಯವಳಾಗಿಯೇ ಆಡಿದೆ. ಈ ಆಟದಲ್ಲಿ ಪ್ರತಿ ಸರದಿಗೂ ಮೊದಲು ಒಂದು ಕೆಟ್ಟದ್ದನ್ನು ಆರಿಸಿಕೊಳ್ಳಲೇಬೇಕು. ಕಪ್ಪು ಎಲೆ ಎತ್ತಬೇಕು, ಇಲ್ಲ ತನ್ನ ಒಂದು ಜೀವ ಬಿಡಬೇಕು, ಇಲ್ಲ ಕೋಟೆ ಹೊರಗೆ ಒಂದು ಯಂತ್ರ ನಿಲ್ಲಿಸಬೇಕು. ನಾನು ಸತತ ಎರಡು ಸರದಿ ಯಂತ್ರ ನಿಲ್ಲಿಸಿದೆ. ನನಗೆ ಅದಕ್ಕೆ ಕಾರಣ ಇತ್ತು. ಇನ್ನೊಂದು ಕಪ್ಪು ಎಲೆ ಬಂದರೆ ಒಂದು ಕೆಲಸ ಪೂರ್ತಿ ಕೈಬಿಟ್ಟು ಹೋಗುವ ಹಾಗಿತ್ತು. ಜೀವವನ್ನು ಮುಂದಿನ ಕಷ್ಟಕ್ಕೆ ಉಳಿಸಿಕೊಂಡಿದ್ದೆ. ಆದರೆ ಕೈಯಲ್ಲಿ ಯಾವ ಎಲೆ ಇದೆ ಅಂತ ಬಿಡಿಸಿ ಹೇಳೋದಕ್ಕೆ ಆಟದ ನಿಯಮ ಬಿಡೋದಿಲ್ಲ. “ನನ್ನ ಹತ್ತಿರ ಒಳ್ಳೆ ಎಲೆ ಇದೆ, ಸ್ವಲ್ಪ ತಡೀರಿ” ಅಂತ ಮಾತ್ರ ಹೇಳಬಹುದು. ಹೇಳಿದೆ. ತಮ್ಮ ನನ್ನ ಮುಖವನ್ನೇ ನೋಡಿದ. “ಅಕ್ಕ, ನೀನು ಇಷ್ಟು ವಿವರಣೆ ಕೊಡೋದು ಯಾವಾಗ ಅಂತ ನನಗೆ ಗೊತ್ತು” ಅಂದ. ಆಮೇಲೆ ನಾನು ಏನು ಹೇಳಿದರೂ ಅದು ಅವನ ಅನುಮಾನವನ್ನೇ ಗಟ್ಟಿ ಮಾಡಿತು. ಜೋರಾಗಿ ಹೇಳಿದರೆ ಸಿಟ್ಟು ಯಾಕೆ ಅಂದ. ಸುಮ್ಮನಾದರೆ ಈಗ ಯಾಕೆ ಸುಮ್ಮನಾದೆ ಅಂದ. ಆ ಹೊತ್ತಿಗೆ ಮೇಜಿನ ಮೇಲೆ ಆರು ಬಿಳಿ, ನಾಲ್ಕು ಕಪ್ಪು ಕತ್ತಿ. ನಾವು ಗೆಲ್ಲುತ್ತಿದ್ದೆವು. ತಮ್ಮ ತನ್ನ ಸರದಿಯಲ್ಲಿ ಬೆರಳು ಮಾಡಿ “ಅಕ್ಕನೇ ಕಳ್ಳ” ಅಂದ. ನನ್ನ ಎಲೆ ತಿರುಗಿಸಿದೆ. ಒಳ್ಳೆಯದು. ತಪ್ಪು ಆರೋಪಕ್ಕೆ ದಂಡ ಅಂತ ಒಂದು ಬಿಳಿ ಕತ್ತಿ ಕಪ್ಪಾಯಿತು. ಐದು, ಐದು.

ಮುಂದೆ ನಡೆದದ್ದೇ ನನ್ನನ್ನು ಇಷ್ಟು ದಿನ ಕಾಡಿದ್ದು. ಅನ್ಯಾಯವಾಗಿ ಬೈಸಿಕೊಂಡವಳು ನಾನು. ಅದು ಹೇಗಿರುತ್ತದೆ ಅಂತ ಎರಡು ನಿಮಿಷದ ಹಿಂದಷ್ಟೇ ಗೊತ್ತಾಗಿತ್ತು. ಆದರೂ ನನ್ನ ಸರದಿ ಬಂದ ಕೂಡಲೇ ನಾನು ತಮ್ಮನ ಹೆಂಡತಿಯ ಕಡೆ ಕೈ ತೋರಿಸಿದೆ. ಯಾಕೆ? ಆಟ ಶುರುವಾದಾಗಿನಿಂದ ಅವಳು ಮಾತೇ ಆಡಿರಲಿಲ್ಲ. ಅಷ್ಟೇ ಕಾರಣ. ಮದುವೆಯಾಗಿ ಎಂಟು ತಿಂಗಳಾದ ಹುಡುಗಿ, ಮನೆಗೆ ಹೊಸಬಳು. ಅವಳು ಎಲೆ ತಿರುಗಿಸಿದಳು. ಅದೂ ಒಳ್ಳೆಯದೇ. ನಾಲ್ಕು ಬಿಳಿ, ಆರು ಕಪ್ಪು. ಮುಂದಿನ ಸುತ್ತಿನಲ್ಲಿ ಒಂದು ಸಣ್ಣ ಕೆಲಸ ಸೋತೆವು. ಏಳನೇ ಕಪ್ಪು ಕತ್ತಿ ಬಿತ್ತು. ಆಟ ಮುಗೀತು.

“ಹಾಗಾದರೆ ಕಳ್ಳ ಯಾರು?” ಅಂತ ಚಿಕ್ಕಪ್ಪ ಕೇಳಿದರು. ಎಲ್ಲರೂ ಎಲೆ ತಿರುಗಿಸಿದೆವು. ಆರಕ್ಕೆ ಆರೂ ಒಳ್ಳೆಯವು. ಚಿಕ್ಕಪ್ಪನ ಮಗಳು ಪೆಟ್ಟಿಗೆಯಲ್ಲಿ ಉಳಿದಿದ್ದ ಎರಡು ಎಲೆ ತೆಗೆದು ನೋಡಿದಳು. ಕಳ್ಳ ಅಲ್ಲೇ ಮಲಗಿದ್ದ.

ಎಂಟು ಎಲೆಯ ಲೆಕ್ಕ

ಇದು ಮೋಸ ಅಲ್ಲ. ಆಟವನ್ನು ಹಾಗೇ ಮಾಡಿದ್ದಾರೆ. ಒಟ್ಟು ಎಂಟು ಎಲೆ, ಅದರಲ್ಲಿ ಏಳು ಒಳ್ಳೆಯವು, ಒಂದು ದ್ರೋಹಿಯದ್ದು. ಹೆಚ್ಚೆಂದರೆ ಏಳು ಜನ ಆಡಬಹುದು. ಅಂದರೆ ಎಷ್ಟೇ ಜನ ಕೂತರೂ ಕನಿಷ್ಠ ಒಂದು ಎಲೆ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ನಾವು ಆರು ಜನ, ಉಳಿದದ್ದು ಎರಡು. ಸರಾಸರಿ ನಾಲ್ಕು ಸಲಕ್ಕೆ ಒಂದು ಸಲ ಕಳ್ಳನೇ ಇಲ್ಲದ ಆಟ ಆಗುವ ಲೆಕ್ಕ. ಚಿಕ್ಕಪ್ಪನ ಮಗಳು ಇದನ್ನು ಶುರುವಿನಲ್ಲೇ ಹೇಳಿದ್ದಳು. ಎಲ್ಲರೂ ಕೇಳಿಸಿಕೊಂಡಿದ್ದೆವು. ಆದರೆ ಆಟದ ನಡುವೆ ಒಬ್ಬರೂ “ಕಳ್ಳ ಇಲ್ಲದೆಯೂ ಇರಬಹುದು ಅಲ್ವಾ?” ಅಂತ ಕೇಳಲಿಲ್ಲ. ಆರು ಜನ ಓದಿದವರು, ಒಬ್ಬರಿಗೂ ಆ ಮಾತು ಬಾಯಿಗೆ ಬರಲಿಲ್ಲ.

ಬ್ರೂನೋ ಕತಾಲಾ, ಸೆರ್ಜ್ ಲಾಜೆ ಅನ್ನೋ ಇಬ್ಬರು 2005ರಲ್ಲಿ ತಂದ ಆಟ ಇದು. ಇಂಥ ಜೊತೆಗಾರಿಕೆಯ ಆಟಗಳಿಗೆ ಕಳ್ಳನನ್ನು ಯಾಕೆ ಸೇರಿಸುತ್ತಾರೆ ಅನ್ನೋದು ನಮ್ಮ ಮನೆಯಲ್ಲಿ ಆಡಿ ನೋಡಿದವರಿಗೆ ಬೇಗ ಅರ್ಥ ಆಗುತ್ತದೆ. ‘ಪ್ಯಾಂಡೆಮಿಕ್’ ಅಂತ ಇನ್ನೊಂದು ಆಟ ಇದೆ. ಮ್ಯಾಟ್ ಲೀಕಾಕ್ 2008ರಲ್ಲಿ ಮಾಡಿದ್ದು. ಎಲ್ಲರೂ ಸೇರಿ ನಾಲ್ಕು ರೋಗಗಳನ್ನು ತಡೆಯಬೇಕು. ಕಳ್ಳ ಇಲ್ಲ. ಅದನ್ನು ಮೂರು ಸಲ ಆಡಿದೆವು, ಮೂರು ಸಲವೂ ತಮ್ಮ ಒಬ್ಬನೇ ಆಡಿದ. “ನೀನು ಅಲ್ಲಿಗೆ ಹೋಗು, ನೀನು ಈ ಎಲೆ ಕೊಡು” ಅಂತ ಎಲ್ಲರ ಕೈಯನ್ನೂ ಅವನೇ ನಡೆಸಿದ. ಜೊತೆಗಾರಿಕೆಯ ಆಟದಲ್ಲಿ ಇದು ಎಲ್ಲ ಕಡೆ ಇರುವ ತೊಂದರೆ. ಜಾಸ್ತಿ ಗೊತ್ತಿರುವವರು ಎಲ್ಲರ ಆಟವನ್ನೂ ಆಡಿಬಿಡುತ್ತಾರೆ. ಒಳಗೊಬ್ಬ ಕಳ್ಳ ಇರಬಹುದು ಅಂದ ಕೂಡಲೇ ಅದು ನಿಲ್ಲುತ್ತದೆ. ಹೀಗೆ ಮಾಡು ಅಂದವನ ಮಾತನ್ನು ಎಲ್ಲರೂ ಎರಡು ಸಲ ಯೋಚಿಸುತ್ತಾರೆ. ಒಬ್ಬೊಬ್ಬರೂ ತಮ್ಮ ತಲೆಯನ್ನೇ ಓಡಿಸಬೇಕಾಗುತ್ತದೆ. ಇದು ನಿಜವಾಗಿಯೂ ಒಳ್ಳೆಯ ಉಪಾಯ, ಅದರಲ್ಲಿ ಎರಡು ಮಾತಿಲ್ಲ.

ಗುಂಪಿನೊಳಗೆ ಅಡಗಿರುವವನನ್ನು ಹುಡುಕುವ ಆಟ ಇದಕ್ಕಿಂತ ಹಳೆಯದು. ಮಾಸ್ಕೋದಲ್ಲಿ ಮನಃಶಾಸ್ತ್ರ ಓದುತ್ತಿದ್ದ ಡಿಮಿಟ್ರಿ ಡೇವಿಡಾಫ್ 1986ರಲ್ಲಿ ಕಟ್ಟಿದ ‘ಮಾಫಿಯಾ’ ಆಟವೇ ಇವಕ್ಕೆಲ್ಲ ಮೂಲ ಅಂತ ಹೇಳುತ್ತಾರೆ. ಬೋರ್ಡೂ ಬೇಡ, ಕತ್ತಿಯೂ ಬೇಡ. ಗೊತ್ತಿರುವ ಕೆಲವರು ಒಂದು ಕಡೆ, ಏನೂ ಗೊತ್ತಿಲ್ಲದ ಬಹಳ ಜನ ಇನ್ನೊಂದು ಕಡೆ. ಲಾಕ್‌ಡೌನ್ ಹೊತ್ತಿನಲ್ಲಿ ಮಕ್ಕಳೆಲ್ಲ ಮೊಬೈಲಿನಲ್ಲಿ ಆಡಿದ ‘ಅಮಂಗ್ ಅಸ್’ ಕೂಡ ಇದೇ ಜಾತಿ. ಆದರೆ ಅವುಗಳಲ್ಲಿ ಕಳ್ಳ ಇದ್ದೇ ಇರುತ್ತಾನೆ. ಹುಡುಕಬೇಕಾದದ್ದು ಯಾರು ಅಂತ ಮಾತ್ರ. ಇದ್ದಾನೋ ಇಲ್ಲವೋ ಅನ್ನೋದೇ ಗೊತ್ತಿಲ್ಲದ ಆಟ ಬೇರೆಯೇ. ಅಲ್ಲಿ ಕಳ್ಳನ ಕೆಲಸವನ್ನು ಅನುಮಾನವೇ ಮಾಡಿ ಮುಗಿಸುತ್ತದೆ. ಆ ರಾತ್ರಿ ನಮ್ಮ ಕತ್ತಿಗಳನ್ನು ಕಪ್ಪು ಮಾಡಿದ್ದು ತಮ್ಮ ಮತ್ತು ನಾನು. ಇಬ್ಬರೂ ಕೋಟೆ ಉಳಿಸಬೇಕು ಅಂತಲೇ ಮಾಡಿದ್ದು.

ಆಟ ಮುಗಿದ ಮೇಲೆ ಲೋಟ ತೊಳೆಯುತ್ತಾ ತಮ್ಮನ ಹೆಂಡತಿಯನ್ನು ಕೇಳಿದೆ. ಬೇಜಾರಾಯಿತಾ ಅಂತ. “ಇಲ್ಲ ಅಕ್ಕ. ನಾನು ಚಿಕ್ಕಪ್ಪನೇ ಕಳ್ಳ ಅಂದ್ಕೊಂಡಿದ್ದೆ. ಅವರ ಕೈಯನ್ನೇ ನೋಡ್ತಾ ಕೂತಿದ್ದೆ. ದೊಡ್ಡವರಿಗೆ ಹೇಗೆ ಹೇಳೋದು ಅಂತ ಸುಮ್ನಿದ್ದೆ” ಅಂದಳು. ಅವಳ ಮೌನವನ್ನು ನಾನು ಓದಿದ್ದು ಒಂದು ರೀತಿ, ಅದರೊಳಗೆ ಇದ್ದದ್ದು ಇನ್ನೊಂದು.

1999, ಏಪ್ರಿಲ್

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಹೆಂಚಿನ ಮೇಲೆ ಮಳೆ ಒಂದೇ ಸಮ ಹೊಡೆಯುತ್ತಿತ್ತು. ನನಗೆ ನೆನಪಾದದ್ದು ಕಾಳುಮೆಣಸು.

ಆಗ ನನಗೆ ಹನ್ನೆರಡು ವರ್ಷ. ಅಜ್ಜ ಇದ್ದರು. ತೋಟದ ಲೆಕ್ಕ ನೋಡಲು ಒಬ್ಬ ರೈಟರು ಇದ್ದರು. ನಮ್ಮ ಮನೆಯಲ್ಲಿ ಹದಿಮೂರು ವರ್ಷದಿಂದ ಇದ್ದವರು. ಆಳುಗಳ ಹಾಜರಿ, ವಾರದ ಬಟವಾಡೆ, ಕೊಯ್ಲಿನ ಲೆಕ್ಕ, ಗೋಡೌನಿನ ಬೀಗದ ಕೈ, ಎಲ್ಲ ಅವರದ್ದೇ. ಮಾತು ಕಡಿಮೆ. ನನಗೆ ಗುಣಾಕಾರದ ಮಗ್ಗಿ ಬಾಯಿಪಾಠ ಮಾಡಿಸಿದ್ದು ಅವರೇ, ಕಣದ ಕಟ್ಟೆಯ ಮೇಲೆ ಕೂರಿಸಿಕೊಂಡು.

ಆ ವರ್ಷ ಮೆಣಸಿಗೆ ಒಳ್ಳೆ ರೇಟು ಇತ್ತು. ಕೊಯ್ದು, ಕಾಳು ಬಿಡಿಸಿ, ಕಣದಲ್ಲಿ ಹರಡಿ ನಾಲ್ಕು ದಿನ ಆಗಿತ್ತು. ಮಧ್ಯಾಹ್ನ ಮುಳ್ಳಯ್ಯನಗಿರಿ ಕಡೆಯಿಂದ ಮೋಡ ಎದ್ದಿತು. ಹೂಮಳೆ ಬಂದರೆ ಕಾಫಿಗೆ ಹಬ್ಬ, ಕಣದಲ್ಲಿರುವ ಮೆಣಸಿಗೆ ಗಂಡಾಂತರ. ಎಲ್ಲರೂ ಓಡಿ ಬಂದು ರಾಶಿ ಮಾಡಿ, ಸಿಕ್ಕ ಸಿಕ್ಕ ಚೀಲಕ್ಕೆ ತುಂಬಿ, ತೂಗಿ ಗೋಡೌನಿಗೆ ಹಾಕಿದರು. ಚೀಲ ಎಷ್ಟು ಅಂತ ಯಾರೂ ಬರೆಯಲಿಲ್ಲ. ಒಟ್ಟು ತೂಕ ಮಾತ್ರ ಪುಸ್ತಕದಲ್ಲಿ ಬರೆದರು. 620 ಕೆಜಿ. ರಾತ್ರಿಯಿಡೀ ಮಳೆ ಸುರಿಯಿತು. ಮತ್ತೆರಡು ದಿನ ಮೋಡ. ಆಮೇಲೆ ಬಿಸಿಲು ಬಂದಾಗ ಮೂಟೆ ಬಿಚ್ಚಿದರೆ ಸಣ್ಣಗೆ ಮುಗ್ಗಿದ ವಾಸನೆ. ಮತ್ತೆ ಕಣಕ್ಕೆ ಹಾಕಿ ಮೂರು ದಿನ ಚೆನ್ನಾಗಿ ಒಣಗಿಸಿ, ಪುನಃ ತೂಗಿದರು. 572 ಕೆಜಿ. ನಲವತ್ತೆಂಟು ಕೆಜಿ ಕಡಿಮೆ. ಹೆಚ್ಚುಕಡಿಮೆ ಒಂದು ಮೂಟೆ.

ಒಣಗಿದರೆ ತೂಕ ಇಳಿಯುತ್ತದೆ ಅಂತ ಕಾಫಿ ಸೀಮೆಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಅಜ್ಜನಿಗೆ ಗೊತ್ತಿರಲಿಲ್ಲ ಅಂತಲ್ಲ. “ಹತ್ತು ಹದಿನೈದು ಕೆಜಿ ಇಳಿಯಬಹುದು. ಇಷ್ಟು ಹೇಗೆ ಇಳಿಯುತ್ತೆ?” ಅಂದರು. ಒಂದು ಮೂಟೆ ಅನ್ನೋ ಮಾತು ಯಾರ ಬಾಯಿಂದಲೋ ಬಂತು. ಅಲ್ಲಿಗೆ ಲೆಕ್ಕ ನಿಂತಿತು. ನಲವತ್ತೆಂಟು ಕೆಜಿ ಅಂದರೆ ಅದು ತೂಕ, ಹೇಗೆ ಹೋಯಿತು ಅಂತ ಕೇಳಬೇಕಾಗುತ್ತದೆ. ಒಂದು ಮೂಟೆ ಅಂದರೆ ಅದು ವಸ್ತು, ಯಾರು ಎತ್ತಿದರು ಅಂತ ಕೇಳಬೇಕಾಗುತ್ತದೆ. ಬೀಗದ ಕೈ ಒಬ್ಬರ ಹತ್ತಿರವೇ ಇತ್ತು.

ಇಷ್ಟರಲ್ಲಿ ನಾನು ಚಿಕ್ಕಪ್ಪನ ಹತ್ತಿರ ಹೋಗಿ ಒಂದು ಮಾತು ಹೇಳಿದೆ. ಮಳೆ ಬಂದ ರಾತ್ರಿ ನೀರು ಕುಡಿಯಲು ಎದ್ದಾಗ ಕಿಟಕಿಯಿಂದ ಗೋಡೌನಿನಲ್ಲಿ ಬೆಳಕು ಕಂಡಿತ್ತು ಅಂತ. ಅದು ಸುಳ್ಳಲ್ಲ. ನಿಜವಾಗಿಯೂ ಬೆಳಕು ಕಂಡಿತ್ತು. ಆದರೆ ಯಾಕೆ ಹೇಳಿದೆ? ದೊಡ್ಡವರೆಲ್ಲ ಗುಸುಗುಸು ಮಾತಾಡುತ್ತಿದ್ದರು. ಆ ಮಾತಿನೊಳಗೆ ನನಗೂ ಒಂದು ಜಾಗ ಬೇಕಿತ್ತು. ಚಿಕ್ಕಪ್ಪ ನನ್ನ ತಲೆ ನೇವರಿಸಿದರು. ನನಗೆ ದೊಡ್ಡ ಕೆಲಸ ಮಾಡಿದ ಹಾಗಾಯಿತು.

ಯಾರೂ ರೈಟರನ್ನು ಕಳ್ಳ ಅನ್ನಲಿಲ್ಲ. ಅಜ್ಜ ಒಂದೇ ಸಲ ಕೇಳಿದರು. “ನಾನು ಮುಟ್ಟಿಲ್ಲ” ಅಂತ ಅವರು ಒಂದೇ ಸಲ ಹೇಳಿದರು. ಬೆಳಕಿನ ವಿಷಯ ಅವರ ಮುಂದೆ ಯಾರೂ ಎತ್ತಲೇ ಇಲ್ಲ. ಮಾರನೇ ದಿನ ಚಿಕ್ಕಪ್ಪ ಹೋಗಿ, ಇನ್ನು ಮೇಲೆ ಬೀಗದ ಕೈ ಮನೆಯಲ್ಲೇ ಇರಲಿ ಅಂತ ಇಸ್ಕೊಂಡು ಬಂದರು. ರೈಟರು ಸೊಂಟದ ದಾರದಿಂದ ಬಿಚ್ಚಿ ಕೊಟ್ಟರು. ನಾನು ಜಗಲಿಯಲ್ಲಿ ನಿಂತು ನೋಡಿದೆ. ಅವರು ಏನೂ ಹೇಳಲಿಲ್ಲ. ತಪ್ಪು ಮಾಡಿಲ್ಲದಿದ್ದರೆ ಸಿಟ್ಟಾದರೂ ಬರಬೇಕಿತ್ತಲ್ಲ ಅಂತ ಮನೆಯಲ್ಲಿ ಅಂದುಕೊಂಡರು. ನನಗೂ ಅದು ಸರಿ ಅನ್ನಿಸಿತು. ಮಳೆಗಾಲ ಶುರುವಾಗುವ ಮುಂಚೆ ಅವರು ಲೆಕ್ಕದ ಪುಸ್ತಕಗಳನ್ನೆಲ್ಲ ಪೂರ್ತಿ ಮಾಡಿ ಒಪ್ಪಿಸಿ ಕೆಲಸ ಬಿಟ್ಟರು. ಮಗನ ಓದಿಗೆ ಚಿಕ್ಕಮಗಳೂರಿನಲ್ಲಿ ಇರಬೇಕು ಅನ್ನೋದು ಅವರು ಕೊಟ್ಟ ಕಾರಣ.

ಬೆರಳು ತೋರಿಸಿದವರ ಪಾಲು

ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ರಾಜ, ರಾಣಿ, ಕಳ್ಳ, ಪೊಲೀಸ್ ಆಡದವರು ಯಾರು? ನೋಟ್‌ಬುಕ್ಕಿನ ಹಾಳೆ ಹರಿದು ನಾಲ್ಕು ಚೀಟಿ. ಪೊಲೀಸ್ ಬಂದವರು ಕಳ್ಳ ಯಾರು ಅಂತ ಹೇಳಬೇಕು. ಸರಿ ಹೇಳಿದರೆ ಅಂಕ ಅವರಿಗೆ. ತಪ್ಪು ಹೇಳಿದರೆ ನಮ್ಮ ತರಗತಿಯ ಲೆಕ್ಕದಲ್ಲಿ ಪೊಲೀಸ್‌ಗೆ ಸೊನ್ನೆ, ಅಂಕವೆಲ್ಲ ಕಳ್ಳನಿಗೆ. ಮಕ್ಕಳ ಚೀಟಿ ಆಟದಲ್ಲೂ ತಪ್ಪು ಬೆರಳು ತೋರಿಸಿದವರು ಏನಾದರೂ ಕಳೆದುಕೊಳ್ಳುತ್ತಿದ್ದರು. ಕ್ಯಾಮೆಲಾಟ್ ಆಟದಲ್ಲಿ ಇದು ಇನ್ನೂ ಕಟ್ಟುನಿಟ್ಟು. ಮೇಜಿನ ಮೇಲೆ ಆರು ಕತ್ತಿಯಾದರೂ ಬೀಳಬೇಕು, ಇಲ್ಲ ಹೊರಗೆ ಆರು ಯಂತ್ರವಾದರೂ ನಿಲ್ಲಬೇಕು. ಅಲ್ಲಿಯವರೆಗೆ ಯಾರ ಮೇಲೂ ಆರೋಪ ಮಾಡುವ ಹಾಗಿಲ್ಲ. ಒಬ್ಬರಿಗೆ ಇಡೀ ಆಟದಲ್ಲಿ ಒಂದೇ ಸಲ ಅವಕಾಶ. ತಪ್ಪಿದರೆ ಎಲ್ಲರೂ ಸೇರಿ ಗೆದ್ದ ಒಂದು ಕತ್ತಿ ಹೋಗುತ್ತದೆ.

ನಮ್ಮ ಮನೆಯಲ್ಲಿ ಯಾರ ಕತ್ತಿ ಹೋಯಿತು? ಚಿಕ್ಕಪ್ಪನಿಗೆ ಏನೂ ಆಗಲಿಲ್ಲ. ಅಜ್ಜ ಕೊನೆಯವರೆಗೂ ಗೌರವದಿಂದಲೇ ಬದುಕಿದರು. ನನಗಂತೂ ತಲೆ ನೇವರಿಸಿದ ಕೈ ಸಿಕ್ಕಿತು. ಹೋದದ್ದೆಲ್ಲ ಆ ಒಬ್ಬರದ್ದೇ. ಅನುಮಾನ ತಪ್ಪು ಅಂತ ಗೊತ್ತಾದರೂ ಅನುಮಾನಪಟ್ಟವರಿಗೆ ಖರ್ಚು ಬೀಳೋದಿಲ್ಲ. ಅದಕ್ಕೇ ನಾವು ಇಷ್ಟು ಸಲೀಸಾಗಿ ಅನುಮಾನ ಪಡುತ್ತೇವೆ ಅಂತ ನನಗೆ ಈಗ ಬಲವಾಗಿ ಅನ್ನಿಸುತ್ತದೆ.

ಇನ್ನೊಂದು ಆಟದ ವಿಷಯ ಹೇಳಬೇಕು. ಅದನ್ನು ನಾನು ಆಡಿದ್ದು ಒಂದೇ ಸಲ, ಅದೂ ನಾಲ್ಕು ಗಂಟೆ. ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’, ಕೋರಿ ಕೊನಿಯೆಚ್ಕಾ 2008ರಲ್ಲಿ ಮಾಡಿದ್ದು. ಮನುಷ್ಯರ ಹಡಗಿನಲ್ಲಿ ಮನುಷ್ಯರ ಹಾಗೇ ಕಾಣುವ ಯಂತ್ರಗಳು ಸೇರಿಕೊಂಡಿರುತ್ತವೆ. ಒಂದು ಕಷ್ಟ ಬಂದಾಗ ಎಲ್ಲರೂ ಎಲೆಗಳನ್ನು ಮುಚ್ಚಿ ಒಂದೇ ರಾಶಿಗೆ ಹಾಕುತ್ತಾರೆ. ಕಲೆಸಿ ಬಿಚ್ಚಿದಾಗ ಕೆಲವು ಎಲೆ ಸಹಾಯ ಮಾಡುತ್ತವೆ, ಕೆಲವು ಕೆಡಿಸುತ್ತವೆ. ಯಾರು ಹಾಕಿದ್ದು ಅಂತ ಗೊತ್ತಾಗೋದಿಲ್ಲ. ಅದರಲ್ಲಿ ನನಗೆ ತುಂಬಾ ಇಷ್ಟ ಆದದ್ದು ಒಂದು ಸಣ್ಣ ನಿಯಮ. ಆ ರಾಶಿಗೆ ಪ್ರತಿ ಸಲವೂ ಬೇರೆ ಕಟ್ಟಿನಿಂದ ಎರಡು ಎಲೆ ಸೇರಿಸುತ್ತಾರೆ. ಅದು ವಿಧಿಯ ಕಟ್ಟು. ಅದರ ಎಲೆ ಯಾರದ್ದೂ ಅಲ್ಲ. ಕೆಟ್ಟ ಎಲೆ ಎರಡು ಬಂದರೆ ಅದು ಕಳ್ಳ ಹಾಕಿದ್ದೂ ಇರಬಹುದು, ಸುಮ್ನೆ ಬಂದದ್ದೂ ಇರಬಹುದು. ಅನುಭವ ಇರುವವರು ಇದನ್ನು ಮರೆಯೋದಿಲ್ಲ. ಎರಡು ಕೆಟ್ಟ ಎಲೆಗೆ ತಲೆ ಕೆಡಿಸಿಕೊಳ್ಳೋದಿಲ್ಲ. ಮೂರು ಬಂದಾಗ ಮಾತ್ರ ತಲೆ ಎತ್ತಿ ಸುತ್ತ ನೋಡುತ್ತಾರೆ. 1999ರಲ್ಲಿ ನಮ್ಮ ಕಣದಲ್ಲಿ ವಿಧಿಯ ಕಟ್ಟು ಬಿಸಿಲಿನದ್ದಾಗಿತ್ತು. ಅದರ ಪಾಲು ಎಷ್ಟು ಅಂತ ನಾವು ಎಣಿಸಲೇ ಇಲ್ಲ.

ಎಣಿಸಿದ್ದು ಹೋದ ವರ್ಷ. ಅಷ್ಟು ವರ್ಷ ಆದ ಮೇಲೆ. ತೋಟ ಈಗ ನಾನು, ತಮ್ಮ ನೋಡಿಕೊಳ್ಳುತ್ತೇವೆ. ನಾಲ್ಕು ದಿನ ಒಣಗಿದ ಮೆಣಸಿನ ಸ್ಯಾಂಪಲ್ ತೆಗೆದುಕೊಂಡು ಪೇಟೆಯ ವ್ಯಾಪಾರಿ ಹತ್ತಿರ ಹೋಗಿದ್ದೆ. ಕೈಗೆ ಗರಿಗರಿ, ಬಣ್ಣ ಕಪ್ಪು, ಅಲ್ಲಾಡಿಸಿದರೆ ಗಲಗಲ ಸದ್ದು. ಪೂರ್ತಿ ಒಣಗಿದೆ ಅಂತಲೇ ಅಂದುಕೊಂಡಿದ್ದೆ. ಅವರು ತೇವಾಂಶದ ಮೀಟರಿಗೆ ಹಾಕಿದರೆ 18 ತೋರಿಸಿತು. “ಹನ್ನೊಂದಕ್ಕೆ ಇಳಿಸಿಕೊಂಡು ಬನ್ನಿ” ಅಂದರು. ಬಸ್ಸಿನಲ್ಲಿ ವಾಪಸ್ ಬರುವಾಗ ಸುಮ್ನೆ ಲೆಕ್ಕ ಹಾಕಿದೆ. 620 ಕೆಜಿಯಲ್ಲಿ ನೂರಕ್ಕೆ 18 ನೀರು ಅಂದರೆ, ನೀರು ಬಿಟ್ಟು ಒಣ ಕಾಳು 508 ಕೆಜಿ. ಅದೇ ಕಾಳು ನೂರಕ್ಕೆ 11 ನೀರಿನ ಮಟ್ಟಕ್ಕೆ ಬಂದರೆ ತೂಕ 571 ಕೆಜಿ. ಪುಸ್ತಕದಲ್ಲಿ ಇದ್ದದ್ದು 572. ಆ ಎರಡು ಅಂಕಿ ನನಗೆ ಎಂದೂ ಮರೆತಿರಲಿಲ್ಲ. ಆಲ್ದೂರು ಸ್ಟಾಪ್ ದಾಟಿ ಹೋದದ್ದೂ ಗೊತ್ತಾಗಲಿಲ್ಲ.

ಆಗಲೇ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಈಗ ಹೇಳಿ ಏನಾಗುತ್ತದೆ ಅಂತ ಒಂದು ವರ್ಷ ಕಳೆದೆ. ಟೇಬಲ್ ಮೇಲೆ ನನ್ನ ಒಳ್ಳೆಯ ಎಲೆಯನ್ನು ಯಾರೂ ನಂಬದೆ ಹೋದಾಗ, ಹತ್ತು ನಿಮಿಷದ ಸುಳ್ಳು ಆಟದಲ್ಲಿ ಎದೆ ಅಷ್ಟು ಹೊಡೆದುಕೊಂಡಾಗ, ಹದಿಮೂರು ವರ್ಷ ಕೆಲಸ ಮಾಡಿದ ಮನೆಯಲ್ಲಿ ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟವರಿಗೆ ಹೇಗಾಗಿರಬೇಕು ಅಂತ ಮೊದಲ ಸಲ ಮೈಗೆ ತಾಗಿತು.

ಪೇಟೆಯಲ್ಲಿ

ಮಾರನೇ ದಿನ ಬೆಳಿಗ್ಗೆ ಚಿಕ್ಕಪ್ಪ ಒಲೆ ಮುಂದೆ ಕಾಫಿ ಕುಡಿಯುತ್ತಿದ್ದರು. ಅಜ್ಜನ ಲೆಕ್ಕದ ಪುಸ್ತಕ ತೆಗೆದು ಅವರ ಮುಂದೆ ಇಟ್ಟೆ. ಮೀಟರಿನ ಕತೆ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಎರಡೂ ಸಾಲನ್ನು ಓದಿದರು. ರೈಟರದ್ದೇ ಅಕ್ಷರ, ದುಂಡಗೆ. ತುಂಬಾ ಹೊತ್ತು ಪುಟ ಮಗುಚಲಿಲ್ಲ. ಆಮೇಲೆ “ಮಳೆ ಸ್ವಲ್ಪ ಬಿಡಲಿ, ಹೋಗಿ ಬರೋಣ” ಅಂದರು. ಅಷ್ಟೇ.

ರೈಟರು ಈಗ ಚಿಕ್ಕಮಗಳೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಹನುಮಂತಪ್ಪ ಸರ್ಕಲ್‌ನಿಂದ ನಡೆದು ಹೋಗುವಷ್ಟು ದೂರ. ಎಂಬತ್ತರ ಹತ್ತಿರದ ವಯಸ್ಸು. ನಮ್ಮನ್ನು ನೋಡಿ ಗಾಬರಿಯಾದರು. ಮನೆಯಲ್ಲಿ ಎಲ್ಲ ಚೆನ್ನಾಗಿದ್ದಾರಾ ಅಂತಲೇ ಮೊದಲು ಕೇಳಿದರು. ಸೊಸೆ ಕಾಫಿ ತಂದುಕೊಟ್ಟರು. ಚಿಕ್ಕಪ್ಪನಿಗೆ ಮಾತು ಶುರು ಮಾಡಲು ಆಗಲಿಲ್ಲ. ಮಳೆ, ಕೊಳೆರೋಗ, ಆನೆ, ಆಳು ಸಿಗದ ಕಷ್ಟ, ಎಲ್ಲ ಮಾತಾಡಿ ಮುಗಿದ ಮೇಲೆ ನಾನೇ ಪುಸ್ತಕ ತೆಗೆದೆ. ಹದಿನೆಂಟು, ಹನ್ನೊಂದು, 571 ಅಂತ ಒಂದೊಂದಾಗಿ ಹೇಳಿದೆ. ನನಗೆ ಮಗ್ಗಿ ಕಲಿಸಿದವರ ಮುಂದೆ ಲೆಕ್ಕ ಒಪ್ಪಿಸುವಾಗ ಗಂಟಲು ಕಟ್ಟಿತು. ಅವರು ತಲೆ ಆಡಿಸುತ್ತಾ ಕೇಳಿದರು.

“ಅದು ನನಗೆ ಆವತ್ತೇ ಗೊತ್ತಿತ್ತು” ಅಂದರು. “ಮೀಟರ್ ಇರ್ಲಿಲ್ಲ. ಆದ್ರೆ ತುಂಬೋವಾಗ ಒಂದು ಕಾಳು ಕಚ್ಚಿ ನೋಡಿದ್ದೆ. ಒಳಗೆ ಇನ್ನೂ ಹಸಿ ಇತ್ತು.”

“ಮತ್ತೆ ಹೇಳಬಹುದಿತ್ತಲ್ಲ ರೈಟರೇ” ಅಂದರು ಚಿಕ್ಕಪ್ಪ. ಅವರ ದನಿ ಏಳಲೇ ಇಲ್ಲ.

“ಬೇರೆ ಯಾರಾದ್ರೂ ಹೇಳಿದ್ದಿದ್ರೆ ಅದು ಲೆಕ್ಕ ಆಗ್ತಿತ್ತು ಸಣ್ಣಯ್ಯ. ನಾನು ಹೇಳಿದ್ರೆ ನೆಪ ಆಗ್ತಿತ್ತು. ಯಾರಾದ್ರೂ ಹೇಳ್ತಾರೇನೋ ಅಂತ ಕಾದೆ.”

ಚಿಕ್ಕಪ್ಪ ಅವರ ಎರಡೂ ಕೈ ಹಿಡಿದುಕೊಂಡರು. ಇಬ್ಬರೂ ಏನೂ ಮಾತಾಡಲಿಲ್ಲ. ಹೊರಗೆ ಆಟೋ ಹೋದ ಸದ್ದು, ಮಳೆ ಮತ್ತೆ ಹಿಡಿದ ಸದ್ದು. ಸ್ವಲ್ಪ ಹೊತ್ತಾದ ಮೇಲೆ ರೈಟರೇ ಮಾತು ಬದಲಿಸಿದರು. ಆ ಗೋಡೌನ್ ಹಾಗೇ ಇದೆಯಾ, ಪಡುವಣ ಮೂಲೆಯ ಹೆಂಚು ಈಗಲೂ ಸೋರುತ್ತದಾ ಅಂತ ಕೇಳಿದರು. ಹೆಂಚು ತೆಗೆದು ಶೀಟ್ ಹಾಕಿಸಿದ್ದೇವೆ ಅಂದರು ಚಿಕ್ಕಪ್ಪ. “ಒಳ್ಳೇದಾಯ್ತು. ಆ ವರ್ಷದ ಹೂಮಳೆಗೆ ರಾತ್ರಿ ಎಷ್ಟು ಸೋರಿತು ಅಂತೀರಿ. ಎರಡು ಗಂಟೆಗೆ ಎದ್ದು ಲಾಟೀನು ಹಿಡ್ಕೊಂಡು ಹೋಗಿದ್ದೆ. ಮೂಲೆಯ ಮೂಟೆಗಳನ್ನ ಈಚೆಗೆ ಎಳೆದು ಹಾಕಿದ್ದಕ್ಕೆ ಉಳೀತು. ಇಲ್ಲದಿದ್ರೆ ಅಷ್ಟೂ ಬೂಸ್ಟು ಹಿಡೀತಿತ್ತು.”

ಚಿಕ್ಕಪ್ಪ ನನ್ನ ಕಡೆ ನೋಡಲಿಲ್ಲ. ನನಗಾಗಿ ನೋಡಲಿಲ್ಲ ಅಂತ ಗೊತ್ತಾಯಿತು. ನಾನೇ ಹೇಳಿದೆ. ಆ ಬೆಳಕನ್ನು ನಾನು ಕಿಟಕಿಯಿಂದ ನೋಡಿದ್ದೆ, ನೋಡಿದ್ದನ್ನು ಮನೆಯಲ್ಲಿ ಹೇಳಿದ್ದೂ ನಾನೇ, ಹಾಗಾಗಿಯೇ ಬೀಗದ ಕೈ ಇಸ್ಕೊಂಡಿದ್ದು ಅಂತ. ಒಂದೇ ಉಸಿರಿಗೆ ಹೇಳಿ ತಲೆ ತಗ್ಗಿಸಿದೆ.

ರೈಟರು ನನ್ನ ಮುಖ ನೋಡುತ್ತಾ ಕೂತರು.

“ನೀನು ಎಚ್ಚರ ಇದ್ದೆಯಾ ಮಗಾ?” ಅಂದರು. “ಗೊತ್ತಿದ್ದಿದ್ರೆ ಕೂಗ್ತಿದ್ದೆನಲ್ಲ. ಒಂದು ಕೈಯಲ್ಲಿ ಲಾಟೀನು ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಮೂಟೆ ಎಳೆಯೋಕೆ ಎಷ್ಟು ಕಷ್ಟ ಆಯ್ತು ಗೊತ್ತಾ?”